ಗಂಟೆ ನಿಲ್ಲಿಸಿದ ಹದಿಮೂರು ದಿನ

ನಮ್ಮ ಊರಿನಲ್ಲಿ ಒಂದೇ ಕಡೆ ಬಹಳ ಹೊತ್ತು ಕೂತವರ ಕಾಲು ನಡೆಯುವುದನ್ನು ಮರೆತುಬಿಡುತ್ತದೆ. ಮೊದಲು ಕಿರುಬೆರಳು ಮರೆಯುತ್ತದೆ. ಆಮೇಲೆ ಪಾದ, ಮೀನಖಂಡ, ಮಂಡಿ, ತೊಡೆ. ನೋವೇನೂ ಇರುವುದಿಲ್ಲ, ಜೋಮು ಕೂಡ ಹಿಡಿಯುವುದಿಲ್ಲ. ತೊಡೆಯವರೆಗೆ ಮರೆತದ್ದನ್ನು ಹೇಗೋ ಮತ್ತೆ ಕಲಿಸಬಹುದು. ಸೊಂಟವೂ ಮರೆಯಿತೆಂದರೆ ಮುಗಿಯಿತು. ಏಳಬೇಕು ಅನ್ನುವ ಆಸೆಯೇ ಅಂಥವರಿಂದ ಹೊರಟುಹೋಗಿರುತ್ತದೆ.

ಇದಕ್ಕೆ ನಾವೆಲ್ಲ ಹೇಗೋ ಒಗ್ಗಿಕೊಂಡಿದ್ದೆವು. ದಾರಿಯಲ್ಲಿ ಸಿಕ್ಕವರು ಊಟ ಆಯಿತಾ ಎಂದು ಕೇಳುವ ಮೊದಲು ‘ಎದ್ದಿದ್ರಾ?’ ಎಂದು ಕೇಳುತ್ತಿದ್ದರು. ಶಾಲೆಯಲ್ಲಿ ಮಕ್ಕಳು ಮಗ್ಗಿಯನ್ನು ನಡೆಯುತ್ತಲೇ ಹೇಳುತ್ತಿದ್ದರು. ದರ್ಜಿಗಳು ಒಂದು ತೋಳು ಹೊಲಿದು ಬೀದಿಯ ಕೊನೆಯವರೆಗೆ ಹೋಗಿ ಬಂದು ಇನ್ನೊಂದು ತೋಳಿಗೆ ಕೈಹಾಕುತ್ತಿದ್ದರು. ನನ್ನ ಗಂಡ ಬಸ್ಸಿನ ಡ್ರೈವರು. ಮುಕ್ಕಾಲು ಗಂಟೆಗೊಮ್ಮೆ ಬಸ್ಸು ನಿಲ್ಲಿಸಿ, ಅದರ ಸುತ್ತ ಎರಡು ಸುತ್ತು ಹಾಕಿ ಮತ್ತೆ ಹತ್ತುತ್ತಿದ್ದರು. ಪ್ರಯಾಣಿಕರೂ ಸಾಲಾಗಿ ಹಿಂದೆ ನಡೆಯುತ್ತಿದ್ದರು. ಯಾರೂ ಗೊಣಗುತ್ತಿರಲಿಲ್ಲ.

ನನ್ನ ಹೆಸರು ಇಂದು. ಊರಿನ ದಾಖಲೆ ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತೆ. ಯಾವ ಮನೆ ಯಾರದು, ಯಾವ ಮಗು ಯಾರದು, ಯಾರು ಯಾವಾಗ ಸತ್ತರು, ಎಲ್ಲವೂ ಆ ಕಚೇರಿಯ ಪುಸ್ತಕಗಳಲ್ಲಿತ್ತು. ಉದ್ದನೆಯ ಒಂದು ಹಾಲಿನಲ್ಲಿ ನಾವು ನಲವತ್ತು ಜನ ಕೂತು ಬರೆಯುತ್ತಿದ್ದೆವು. ಮುಕ್ಕಾಲು ಗಂಟೆಗೊಮ್ಮೆ ಬಾಗಿಲ ಬಳಿಯ ಗಂಟೆ ಬಾರಿಸುತ್ತಿದ್ದರು. ಬಾರಿಸಿದ ಕೂಡಲೇ ಅಕ್ಷರ ಅರ್ಧಕ್ಕೆ ನಿಂತರೂ ಪೆನ್ನು ಕೆಳಗಿಡಬೇಕು. ಅಂಗಳಕ್ಕೆ ಹೋಗಿ ಬೇವಿನ ಮರವನ್ನು ಮೂರು ಸುತ್ತಬೇಕು, ಒಂದು ಲೋಟ ನೀರು ಕುಡಿಯಬೇಕು, ದೂರದ ಗುಡ್ಡವನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಬರಬೇಕು. ಗುಡ್ಡ ನೋಡುವುದು ಕಣ್ಣಿಗೆ. ಕಾಗದ ಬಿಟ್ಟರೆ ಬೇರೇನೂ ಕಾಣದಂತಾದ ಒಬ್ಬರಿಬ್ಬರು ಆ ಕಚೇರಿಯಲ್ಲಿ ಹಿಂದೆ ಇದ್ದರಂತೆ.

ನನ್ನ ಪಕ್ಕದ ಮೇಜು ವಿಮಲಾಕ್ಷಿಯದು. ನಾವಿಬ್ಬರೂ ಒಂದೇ ವಾರದಲ್ಲಿ ಕೆಲಸಕ್ಕೆ ಸೇರಿದವರು. ಅವಳಷ್ಟು ಮಾತಾಡುವ ಹೆಂಗಸನ್ನು ನಾನು ಇನ್ನೆಲ್ಲೂ ನೋಡಿಲ್ಲ. ಬೇವಿನ ಮರದ ಮೂರು ಸುತ್ತು ಮುಗಿಯುವುದರೊಳಗೆ ಅತ್ತೆಯ ಜಗಳ, ಕಾಯಿಯ ಚಟ್ನಿ ಹಳಸಿದ ಕಥೆ, ಗಂಡನ ಸೈಕಲ್ ಶಾಪಿಗೆ ಬಂದವರ ಸುದ್ದಿ, ಎಲ್ಲ ಹೇಳಿ ಮುಗಿಸುತ್ತಿದ್ದಳು. ನಮ್ಮ ಮುಂದಿನ ಮೇಜು ಕಾಳಿಂಗಯ್ಯನವರದು. ಆ ಹಾಲಿನಲ್ಲಿ ಅವರದೇ ಅತಿ ಚೆಂದದ ಅಕ್ಷರ. ನನಗೆ ಕೆಲಸ ಕಲಿಸಿದವರೂ ಅವರೇ.

ಆ ವರ್ಷ ಬೇಸಿಗೆಯಲ್ಲಿ ಕಚೇರಿಯ ಮೇಲಿನ ನೀರಿನ ಟ್ಯಾಂಕು ಒಡೆಯಿತು. ದಾಖಲೆಗಳ ಕೋಣೆಗೆ ನೀರು ನುಗ್ಗಿ ಅರ್ಧಕ್ಕರ್ಧ ಪುಸ್ತಕಗಳು ನೆನೆದವು. ಬಿಸಿಲಿಗೆ ಹರವಿದೆವು. ಒಣಗುತ್ತಾ ಹೋದಂತೆ ಶಾಯಿ ಮಾಸತೊಡಗಿತು. ಬೆಳಿಗ್ಗೆ ಓದಲು ಬರುತ್ತಿದ್ದ ಹೆಸರು ಸಂಜೆಗೆ ಓದಲು ಬರುತ್ತಿರಲಿಲ್ಲ. ನಮ್ಮ ಅಧಿಕಾರಿ ಮೃತ್ಯುಂಜಯ ಅವರು ಎಲ್ಲರನ್ನೂ ಅಂಗಳಕ್ಕೆ ಕರೆದರು. ಮೆತ್ತಗಿನ ಮನುಷ್ಯ, ಯಾರ ಮೇಲೂ ದನಿ ಏರಿಸಿದವರಲ್ಲ.

‘ಹದಿನೈದು ದಿನದೊಳಗೆ ನಕಲು ಆಗದಿದ್ರೆ ಅರ್ಧ ಊರಿಗೆ ಮನೆ ನಮ್ಮದು ಅಂತ ಹೇಳೋಕೆ ಕಾಗದ ಇರಲ್ಲ,’ ಎಂದರು. ‘ಗಂಟೆ ಹೊಡೆದಾಗೆಲ್ಲ ಹತ್ತು ನಿಮಿಷ ಹೋಗುತ್ತೆ. ಈ ಹದಿನೈದು ದಿನ ಗಂಟೆ ಬೇಡ ಅಂತ ನನಗನ್ನಿಸುತ್ತೆ. ಏಳಬೇಡಿ ಅಂತಲ್ಲ. ನಿಮಗೆ ಯಾವಾಗ ಏಳಬೇಕು ಅನ್ಸುತ್ತೋ ಆವಾಗ ಎದ್ದು ಓಡಾಡಿ ಬನ್ನಿ. ನಾನು ಒತ್ತಾಯ ಮಾಡಲ್ಲ, ನೀವೇ ಹೇಳಿ.’

ಕಾಳಿಂಗಯ್ಯನವರು ಮೊದಲು ಕೈ ಎತ್ತಿದರು. ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು. ನಾನೂ ಎತ್ತಿದೆ. ನಮ್ಮ ಮನೆಯ ಕಾಗದವೂ ಆ ಒದ್ದೆ ಪುಸ್ತಕದಲ್ಲೇ ಇತ್ತು. ನಾಲಿಗೆ ಕಟ್ಟಿಹಾಕದೆ ಬಿಟ್ಟ ಆ ಗಂಟೆ ಮೊದಲ ದಿನ ಗಾಳಿಗೆ ಒಮ್ಮೆ ಸಣ್ಣಗೆ ಸದ್ದು ಮಾಡಿತು. ನಾವಷ್ಟೂ ಜನ ಅಭ್ಯಾಸಬಲದಿಂದ ಎದ್ದು ನಿಂತುಬಿಟ್ಟೆವು. ಒಬ್ಬರ ಮುಖ ಒಬ್ಬರು ನೋಡಿ ನಕ್ಕು ಮತ್ತೆ ಕೂತೆವು. ಮಧ್ಯಾಹ್ನ ಯಾರೋ ಅದರ ನಾಲಿಗೆಗೆ ಬಟ್ಟೆ ಸುತ್ತಿದರು.

ಏಳಬೇಕು ಅನ್ನಿಸಿದಾಗ ಏಳಿ ಎಂದಿದ್ದರು. ಅನ್ನಿಸುತ್ತಲೇ ಇರಲಿಲ್ಲ. ಇನ್ನೊಂದು ಹೆಸರು, ಇನ್ನೊಂದು ಸಾಲು ಎನ್ನುತ್ತಾ ತಲೆ ಎತ್ತಿದರೆ ಬಿಸಿಲು ಕಿಟಕಿಯಿಂದ ಗೋಡೆಗೆ ಸರಿದಿರುತ್ತಿತ್ತು. ಮೂರನೆಯ ದಿನ ಮನೆಗೆ ಹೋದಾಗ ಮಗಳು ಚಾರು ನನ್ನ ಕಾಲು ನೋಡಿ, ‘ಅಮ್ಮ, ಇನ್ನೊಂದು ಚಪ್ಪಲಿ ಎಲ್ಲಿ?’ ಎಂದಳು. ಒಂದೇ ಚಪ್ಪಲಿಯಲ್ಲಿ ಅಷ್ಟು ದೂರ ನಡೆದು ಬಂದಿದ್ದೆ. ಬಲಗಾಲಿನಿಂದ ಅದು ಎಲ್ಲಿ ಕಳಚಿತೋ ತಿಳಿದಿರಲಿಲ್ಲ. ಗಂಡನಿಗೆ ಹೇಳಲಿಲ್ಲ. ಬಾಗಿಲು ಹಾಕಿಕೊಂಡು ಕಿರುಬೆರಳನ್ನು ಆಡಿಸಿ ನೋಡಿದೆ. ಆಡಿತು, ಆದರೆ ಸ್ವಲ್ಪ ತಡವಾಗಿ, ಕರೆದಾಗ ಮನಸ್ಸಿಲ್ಲದೆ ಬರುವವರ ಹಾಗೆ. ಆಮೇಲೆ ಒಂದೆರಡು ದಿನ ನೆನಪಿಟ್ಟುಕೊಂಡು ಎದ್ದೆ. ಮತ್ತೆ ಮರೆತೆ.

ಆರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯಿಂದ ಫೋನು ಬಂತು. ಚಾರು ಮೆಟ್ಟಿಲಿನಿಂದ ಬಿದ್ದು ಕೈ ಉಳುಕಿಸಿಕೊಂಡಿದ್ದಳು. ಗಂಡ ಬಸ್ಸಿನಲ್ಲಿ ಬೇರೆ ಊರಿನಲ್ಲಿದ್ದರು. ನನ್ನ ಪಾಲಿಗೆ ಆ ದಿನ ಒಂಬತ್ತು ಪುಟ ಉಳಿದಿತ್ತು. ಶಾಯಿ ಸಂಜೆಯವರೆಗೆ ಉಳಿಯುವ ಹಾಗಿರಲಿಲ್ಲ.

‘ಕೊಡು ಇಲ್ಲಿ,’ ಎಂದು ವಿಮಲಾಕ್ಷಿ ನನ್ನ ಪುಸ್ತಕ ಎಳೆದುಕೊಂಡಳು. ‘ನಿನ್ನ ಕೋಳಿಕಾಲು ಅಕ್ಷರದ ಹಾಗೇ ಬರೀತೀನಿ, ಯಾರಿಗೂ ಗೊತ್ತಾಗಲ್ಲ. ಹೋಗು, ಮಗೂನ ನೋಡು.’

‘ಮಧ್ಯೆ ಮಧ್ಯೆ ಏಳು ಕಣೆ.’

‘ಏಳ್ತೀನಮ್ಮ. ನಮ್ಮತ್ತೆ ಥರ ಮಾಡಬೇಡ.’

ಮಗಳ ಕೈಗೆ ಪಟ್ಟಿ ಕಟ್ಟಿಸಿ, ನಾದಿನಿಯ ಮನೆಯಲ್ಲಿ ಬಿಟ್ಟು ನಾನು ವಾಪಸು ಬಂದಾಗ ನಾಲ್ಕು ಗಂಟೆ. ಹಾಲಿನಲ್ಲಿ ಕಾಗದ ಮಗುಚುವ ಸದ್ದೊಂದೇ ಇತ್ತು. ವಿಮಲಾಕ್ಷಿ ನಾನು ಬಿಟ್ಟು ಹೋದ ಭಂಗಿಯಲ್ಲೇ ಬಾಗಿ ಬರೆಯುತ್ತಿದ್ದಳು. ಅವಳ ಊಟದ ಡಬ್ಬಿ ಮೇಜಿನ ಮೇಲೆ ಮುಚ್ಚಿದಂತೆಯೇ ಇತ್ತು. ನೀರಿನ ಲೋಟದಲ್ಲಿ ಸೊಳ್ಳೆಯೊಂದು ತೇಲುತ್ತಿತ್ತು.

‘ವಿಮಲಾ, ಏಳು.’

‘ಇದೊಂದು ಹೆಸರು.’

‘ಈಗಲೇ ಏಳು.’

ಅವಳು ಪೆನ್ನು ಇಟ್ಟಳು. ಮೇಜಿಗೆ ಎರಡೂ ಕೈ ಊರಿದಳು. ಆಮೇಲೆ ಸೀರೆಯ ನೆರಿಗೆಯ ಕೆಳಗೆ ಕಾಣುತ್ತಿದ್ದ ತನ್ನ ಪಾದಗಳನ್ನು, ಬೇರೆ ಯಾರದೋ ಸಾಮಾನು ತನ್ನ ಮೇಜಿನ ಕೆಳಗೆ ಇಟ್ಟು ಹೋಗಿದ್ದಾರೆ ಅನ್ನುವ ಹಾಗೆ ನೋಡಿದಳು. ಮುಖ ಎತ್ತಿ ನನ್ನನ್ನು ಕೇಳಿದಳು:

‘ಇಂದು, ಇವೆರಡರಲ್ಲಿ ಯಾವ್ದನ್ನ ಮೊದ್ಲು ಎತ್ತಬೇಕು?’

ನಾನು ಕಿರುಚಿದೆನಂತೆ. ಅಕ್ಕಪಕ್ಕದವರು ಪೆನ್ನು ಬಿಟ್ಟು ಎದ್ದರು. ಎದ್ದವರಲ್ಲಿ ಕೆಲವರು ಅಲ್ಲೇ ಮುಗ್ಗರಿಸಿ ಬಿದ್ದರು. ಕಾಳಿಂಗಯ್ಯನವರು ಮಾತ್ರ ತಿರುಗಿಯೂ ನೋಡಲಿಲ್ಲ. ಅವರ ಪೆನ್ನು ಓಡುತ್ತಲೇ ಇತ್ತು.

ವಿಮಲಾಕ್ಷಿಯ ಗಂಡ ಚೆನ್ನಕೇಶವ ಗ್ರೀಸು ಮೆತ್ತಿದ ಕೈಯಲ್ಲೇ ಓಡಿ ಬಂದರು. ಅವಳನ್ನು ಎತ್ತಿಕೊಂಡು ಮನೆಗೆ ಹೋದರು. ನಾನು ರುದ್ರವ್ವನನ್ನು ಕರೆತಂದೆ. ರುದ್ರವ್ವ ನಡೆ ಕಲಿಸುವವಳು. ಕಾಲು ಮರೆತವರಿಗೆ ಮತ್ತೆ ನಡೆಯಲು ಕಲಿಸುವುದೇ ಅವಳ ಕಸುಬು. ವಯಸ್ಸು ಎಪ್ಪತ್ತರ ಮೇಲಿದ್ದರೂ ಅವಳು ಯಾರ ಮನೆಯಲ್ಲೂ ಕೂತದ್ದನ್ನು ಕಂಡವರಿಲ್ಲ. ಅಡುಗೆಮನೆಯಿಂದ ಒಂದು ಚಮಚ ತರಿಸಿ ವಿಮಲಾಕ್ಷಿಯ ಪಾದದ ಮೇಲೆ ಮೆಲ್ಲಗೆ ಬಡಿದಳು.

‘ಇದೇನ್ ಮಾಡ್ತದೆ, ಹೇಳವ್ವ?’

‘ಗೊತ್ತಿಲ್ಲ.’

ಮಂಡಿಯ ಮೇಲೆ ಬಡಿದಳು. ‘ಇದು?’

‘ಗೊತ್ತಿಲ್ಲ ಅಜ್ಜಿ.’

ತೊಡೆಯ ಮೇಲೆ ಮೇಲೆ ಹೋಗುತ್ತಾ ಸೊಂಟಕ್ಕೆ ಒಂದು ಗೇಣು ಉಳಿದಾಗ ವಿಮಲಾಕ್ಷಿ ಹುಬ್ಬು ಗಂಟಿಕ್ಕಿದಳು. ‘ಇದು… ಎತ್ತುತ್ತೆ ಅನ್ಸುತ್ತೆ.’

ರುದ್ರವ್ವ ಚಮಚ ಕೆಳಗಿಟ್ಟಳು. ನಮ್ಮನ್ನು ಹಿತ್ತಿಲಿಗೆ ಕರೆದು, ‘ಒಂದ್ ಗೇಣು ಉಳಿದೈತೆ,’ ಎಂದಳು. ‘ಮೂರು ದಿನ ಕಲಿಸಿದ್ರೆ ಕಲೀತಾಳೆ. ಮಲಗ್ಲಿ, ನಿಲ್ಲಿಸ್ರಿ, ನಡೆಸ್ರಿ. ಕೂರಿಸ್ಬೇಡ್ರಿ. ಕುರ್ಚಿ, ಮಣೆ, ಡಬ್ಬ, ಕೂರೋಕಾಗೋದು ಏನೂ ಅವಳ ಕಣ್ಣಿಗೆ ಬೀಳಬಾರ್ದು. ಕೇಳ್ತಾಳೆ ಅವಳು. ಕೂರಿಸಿ ಅಂತ ಅಳ್ತಾಳೆ. ಅಳೋವರೆಗೂ ಭಯ ಇಲ್ಲ. ಕೇಳೋದು ನಿಲ್ಲಿಸಿದ್ಲು ಅಂದ್ರೆ ನನಗೆ ಹೇಳಿ ಕಳಿಸ್ರಿ.’

ಚೆನ್ನಕೇಶವ ಮನೆಯ ಕುರ್ಚಿ, ಸ್ಟೂಲು, ಈಳಿಗೆ ಮಣೆಯನ್ನು ಕೂಡ ಪಕ್ಕದ ಮನೆಗೆ ಸಾಗಿಸಿದರು. ಅವಳನ್ನು ಎರಡು ಕಡೆ ಹಿಡಿದು ನಿಲ್ಲಿಸಿ ರುದ್ರವ್ವ ಪಾಠ ಶುರು ಮಾಡಿದಳು. ‘ಹಿಮ್ಮಡಿ ಎತ್ತು. ಮುಂದಕ್ಕೆ ಬಿಡು. ಇಡು. ಭಾರ ಹಾಕು. ಈಗ ಇನ್ನೊಂದು.’ ಮಗುವಿಗೆ ಹೇಳಿದರೆ ಮಗು ನಗುತ್ತದೆ. ಮೂವತ್ತೇಳು ವರ್ಷದ ಹೆಂಗಸು, ನನ್ನ ಗೆಳತಿ, ನೆಲ ನೋಡುತ್ತಾ ಬೆವರುತ್ತಿದ್ದಳು. ನಾನು ಅವಳ ಬಲಗೈ ಹಿಡಿದುಕೊಂಡಿದ್ದೆ. ಒಂಬತ್ತು ಪುಟ, ಒಂಬತ್ತು ಪುಟ ಎಂದು ನನ್ನ ತಲೆಯೊಳಗೆ ಬಡಿಯುತ್ತಿತ್ತು. ಚೆನ್ನಕೇಶವ ಎಡಗೈ ಹಿಡಿದು ಅವಳ ಹೆಜ್ಜೆಗೆ ಹೆಜ್ಜೆ ಇಡುತ್ತಿದ್ದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮೃತ್ಯುಂಜಯ ಅವರು ನನಗೆ ಮಧ್ಯಾಹ್ನದ ಮೇಲೆ ಬಿಡುವು ಕೊಟ್ಟರು. ಆದರೆ ಶಾಯಿ ಮಾಸುತ್ತಲೇ ಇತ್ತು, ಪುಟ ಕಡಿಮೆ ಮಾಡಲಿಕ್ಕಾಗಲಿ ಗಂಟೆ ಮತ್ತೆ ಹೊಡೆಸಲಿಕ್ಕಾಗಲಿ ಅವರಿಗೂ ದಾರಿಯಿರಲಿಲ್ಲ. ದಿನದ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ ವಿಮಲಾಕ್ಷಿಯ ಮನೆಗೆ ಓಡಬೇಕು ಎಂದು ನಾನು ಎಂಟು ಗಂಟೆಗೆ ಕೂತರೆ ಒಂದು ಗಂಟೆಯವರೆಗೆ ಏಳುತ್ತಲೇ ಇರಲಿಲ್ಲ. ಅವಳನ್ನು ನಡೆಸುವುದಕ್ಕಾಗಿ ನಾನು ಕೂತಿದ್ದೇನೆ ಎಂದುಕೊಳ್ಳುತ್ತಿದ್ದೆ. ಅದರಲ್ಲಿ ಏನು ತಪ್ಪಿದೆ ಎಂದು ಆಗ ಹೊಳೆಯಲಿಲ್ಲ.

ಮೊದಲ ದಿನವೆಲ್ಲ ಅವಳು ಬೇಡಿಕೊಂಡಳು. ‘ಒಂದೇ ನಿಮಿಷ ಕಣೆ ಇಂದು. ಗೋಡೆಗೆ ಒರಗಿಸಿ ಕೂರಿಸು. ಆ ಎಂಟನೇ ಪುಟದಲ್ಲಿ ಒಂದು ಹೆಸರು ಅರ್ಧಕ್ಕೆ ಬಿಟ್ಟಿದೀನಿ. ಅದೊಂದು ಬರೆದುಬಿಡ್ತೀನಿ.’ ಎರಡನೆಯ ದಿನ ಮಧ್ಯಾಹ್ನ ನಾನು ಹೋದಾಗ ಚೆನ್ನಕೇಶವ ಬಾಗಿಲಲ್ಲೇ ನಿಂತಿದ್ದರು.

‘ಇಂದಕ್ಕ, ಬೆಳಿಗ್ಗೆಯಿಂದ ಏನೂ ಕೇಳ್ತಿಲ್ಲ ಅವಳು,’ ಎಂದರು. ‘ನಾನು ರುದ್ರವ್ವನ್ನ ಕರ್ಕೊಂಡ್ ಬರ್ತೀನಿ. ಕೆಳಗಿನ ಪೇಟೇಲಿ ಇದಾಳಂತೆ. ಅಲ್ಲೀವರೆಗೆ ನೋಡ್ಕೊಳ್ಳಿ.’

ವಿಮಲಾಕ್ಷಿ ಚಾಪೆಯ ಮೇಲೆ ಮಲಗಿ ಸೂರು ನೋಡುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ಬಾಯಾರಿಕೆ ಎಂದಳು. ಅವಳು ಏನನ್ನೋ ಕೇಳಿದಳಲ್ಲ ಎಂದು ನನಗೆ ಖುಷಿಯಾಯಿತು. ಅಡುಗೆಮನೆಯ ಮಡಕೆ ಬರಿದಾಗಿತ್ತು. ಹಿತ್ತಿಲ ಬಾವಿಯಿಂದ ನೀರು ಸೇದಿ ತಂದು, ಲೋಟಕ್ಕೆ ಬಗ್ಗಿಸಿಕೊಂಡು ತಿರುಗುವಷ್ಟರಲ್ಲಿ ಅಂಗಡಿಯ ಕಡೆಯಿಂದ ಕಬ್ಬಿಣದ ಸದ್ದು ಕೇಳಿತು. ಮನೆಗೂ ಸೈಕಲ್ ಶಾಪಿಗೂ ನಡುವೆ ಒಂದು ಬಾಗಿಲಿತ್ತು. ಮನೆಯನ್ನೆಲ್ಲ ಖಾಲಿ ಮಾಡಿದವರು ಅಂಗಡಿಯನ್ನು ಯೋಚಿಸಿರಲಿಲ್ಲ. ಅಲ್ಲಿಂದಲೇ ನನಗೆ ಕಂಡಿತು. ಅವಳು ಮೊಣಕೈ ಊರಿ ತೆವಳಿಕೊಂಡು ಹೋಗಿ, ಸ್ಪ್ಯಾನರುಗಳ ಪೆಟ್ಟಿಗೆಯ ಮೇಲೆ ಹತ್ತಿ ಕೂತಿದ್ದಳು. ಕೈಯಲ್ಲಿ ಟ್ಯೂಬಿಗೆ ಗುರುತು ಹಾಕುವ ಸೀಮೆಸುಣ್ಣ. ಗೋಡೆಯ ಮೇಲೆ ಒಂದರ ಕೆಳಗೊಂದು ಹೆಸರುಗಳು. ನನ್ನ ಒಂಬತ್ತು ಪುಟದ ಹೆಸರುಗಳು, ನನ್ನ ಅಕ್ಷರದಲ್ಲಿ. ಅವಳ ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ ನನ್ನ ಕೈಯಿಂದ ಲೋಟ ಜಾರಿತು.

ಓಡಿದೆ. ಎಡಗಾಲು ಮುಂದೆ ಹೋಯಿತು. ಬಲಗಾಲು ಬರಲಿಲ್ಲ. ಹೊಸ್ತಿಲಿನ ಮೇಲೆ ಮುಖ ಅಡಿಯಾಗಿ ಬಿದ್ದೆ. ತಿರುಗಿ ನೋಡಿದರೆ ನನ್ನ ಬಲಪಾದ ಒದ್ದೆ ನೆಲದ ಮೇಲೆ ಸುಮ್ಮನೆ ಬಿದ್ದಿತ್ತು. ಆಡಿಸಲು ಹೋದೆ. ಹೇಗೆ ಆಡಿಸುವುದು? ಮೂವತ್ತೆಂಟು ವರ್ಷ ಯೋಚಿಸದೆ ಮಾಡಿದ ಕೆಲಸ. ಅದಕ್ಕೆ ಒಳಗಿನಿಂದ ಹೇಗೆ ಹೇಳುತ್ತಿದ್ದೆ ಎಂದು ಎಷ್ಟು ನೆನೆದರೂ ಗೊತ್ತಾಗಲಿಲ್ಲ. ಆ ಹೊತ್ತಿನಲ್ಲಿ ನನಗೆ ಚಾರುವಿನ ನೆನಪು ಬಂತು. ಪಟ್ಟಿ ಕಟ್ಟಿದ ಕೈ ಹಿಡಿದುಕೊಂಡು ಅವಳು ಯಾರದೋ ಮನೆಯ ಬಾಗಿಲಲ್ಲಿ ಕಾಯುತ್ತಿದ್ದಾಳೆ, ನಾನು ಎಲ್ಲೋ ಬರೆಯುತ್ತಾ ಕೂತಿದ್ದೇನೆ, ನನಗೆ ಅವಳ ಬಳಿ ಹೋಗಬೇಕು ಅಂತಲೂ ಅನ್ನಿಸುತ್ತಿಲ್ಲ. ಇದು ಕಣ್ಣಿಗೆ ಕಟ್ಟಿದಂತೆ ಕಂಡಿತು.

ತೆವಳಿಕೊಂಡು ವಿಮಲಾಕ್ಷಿಯ ಬಳಿ ಹೋದೆ. ಅವಳ ಸೊಂಟಕ್ಕೆ ತೋಳು ಹಾಕಿ ಎಳೆದೆ. ಗೋಧಿ ಮೂಟೆಯ ಹಾಗೆ ಭಾರವಾಗಿದ್ದಳು.

‘ಬಿಡೆ,’ ಎಂದಳು, ಸಿಟ್ಟಿಲ್ಲದೆ. ‘ಚೆನ್ನಾಗಿದೆ ಇಲ್ಲಿ. ನೀನೂ ಕೂತ್ಕೋ, ಜಾಗ ಇದೆ.’

ಪೆಟ್ಟಿಗೆಯ ಮೇಲೆ ನಿಜವಾಗಿಯೂ ಜಾಗವಿತ್ತು. ಒಬ್ಬರು ಕೂರುವಷ್ಟು. ಸುಸ್ತಾಗಿತ್ತು, ಕಾಲು ನನ್ನದಾಗಿರಲಿಲ್ಲ. ಕೂತುಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು ಎಂದು ಈವರೆಗೆ ನಾನು ಯಾರ ಬಳಿಯೂ ಹೇಳಿಲ್ಲ. ಆಮೇಲೆ ಪೆಟ್ಟಿಗೆಯನ್ನೇ ಎರಡೂ ಕೈಯಲ್ಲಿ ಹಿಡಿದು ಮಗುಚಿಬಿಟ್ಟೆ. ಸ್ಪ್ಯಾನರುಗಳು ಚೆಲ್ಲಿದವು. ಅವಳು ನನ್ನ ಮೈಮೇಲೆ ಬಿದ್ದಳು. ಬಿದ್ದ ನೋವಿಗೆ ಅವಳು ಅಳತೊಡಗಿದಳು. ಆ ಅಳು ಕೇಳಿ ನನಗೆ ಜೀವ ಬಂತು.

ಅಂಗಡಿಯ ಕಂಬ ಹಿಡಿದು ಎದ್ದೆ. ಅವಳನ್ನು ಎಬ್ಬಿಸಿ ನನಗೆ ಒರಗಿಸಿಕೊಂಡೆ. ಇಬ್ಬರ ನಡುವೆ ಬುದ್ಧಿಯಿರುವ ಕಾಲು ಒಂದೇ ಇತ್ತು, ನನ್ನ ಎಡಗಾಲು. ಅದನ್ನೇ ನೋಡಿಕೊಂಡು ಉಳಿದ ಮೂರಕ್ಕೂ ಗಟ್ಟಿಯಾಗಿ ಹೇಳತೊಡಗಿದೆ. ‘ಹಿಮ್ಮಡಿ ಎತ್ತು. ಮುಂದಕ್ಕೆ ಬಿಡು. ಇಡು. ಭಾರ ಹಾಕು.’ ಅವಳು ಅಳುತ್ತಲೇ ನನ್ನ ಜೊತೆ ಹೇಳಿದಳು. ಅಂಗಡಿಯಿಂದ ಬೀದಿಗೆ ಬರಲು ಎಂಟು ಹೆಜ್ಜೆ. ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಚೆನ್ನಕೇಶವ ರುದ್ರವ್ವನನ್ನು ಕರೆದುಕೊಂಡು ಬಂದಾಗ ನಾವಿಬ್ಬರೂ ಬೀದಿಯ ನಡುವೆ ಒಬ್ಬರನ್ನೊಬ್ಬರು ತಬ್ಬಿಕೊಂಡು, ಕೂಗಿ ಕೂಗಿ ಹೆಜ್ಜೆ ಇಡುತ್ತಿದ್ದೆವು. ಸೈಕಲ್ಲಿನವರು ಇಳಿದು ದಾರಿ ಬಿಟ್ಟಿದ್ದರು. ಹಾದು ಹೋಗುತ್ತಿದ್ದ ಹೆಂಗಸೊಬ್ಬಳು ಚೀಲ ಕೆಳಗಿಟ್ಟು, ಏನೂ ಕೇಳದೆ, ವಿಮಲಾಕ್ಷಿಯ ಇನ್ನೊಂದು ಕೈ ಹಿಡಿದುಕೊಂಡಿದ್ದಳು.

ರುದ್ರವ್ವ ನನ್ನ ಪಾದ ನೋಡಿ ಕೆನ್ನೆಗೆ ಒಂದು ಏಟು ಕೊಟ್ಟಳು. ‘ಇವಳನ್ನ ನಡೆಸೋಕ್ ಬಂದೋಳು ನೀನು ಕೂತಿದ್ದೆಯೇನೇ?’ ಎಂದಳು. ಆಮೇಲೆ ಇಬ್ಬರಿಗೂ ಒಟ್ಟಿಗೆ ಪಾಠ ಹೇಳಿದಳು.

ನನ್ನ ಪಾದಕ್ಕೆ ಎರಡು ದಿನದಲ್ಲಿ ನೆನಪು ಬಂತು. ವಿಮಲಾಕ್ಷಿಗೆ ಮೂರರ ಬದಲು ಹನ್ನೆರಡು ದಿನ ಹಿಡಿಯಿತು. ಈಗ ನಡೆಯುತ್ತಾಳೆ. ಆದರೆ ಯೋಚಿಸದೆ ನಡೆಯುವುದು ಅವಳಿಗೆ ಮತ್ತೆ ಬರಲಿಲ್ಲ. ಪ್ರತಿ ಹೆಜ್ಜೆಗೂ ಬಲ, ಎಡ ಎಂದು ತುಟಿ ಆಡಿಸುತ್ತಾಳೆ. ಹಾಗಾಗಿ ನಡೆಯುವಾಗ ಮಾತಾಡುವುದಿಲ್ಲ. ಬೇವಿನ ಮರದ ಸುತ್ತ ಈಗ ನಾನು ಮಾತಾಡುತ್ತೇನೆ, ಅವಳು ಕೇಳಿಸಿಕೊಳ್ಳುತ್ತಾಳೆ.

ನಕಲು ಹದಿಮೂರನೆಯ ದಿನಕ್ಕೆ ಮುಗಿಯಿತು. ಎರಡು ದಿನ ಮುಂಚೆಯೇ. ಊರಿನವರಿಗೆಲ್ಲ ಅವರವರ ಮನೆಯ ಕಾಗದ ಉಳಿಯಿತು. ಆ ಹದಿಮೂರು ದಿನಗಳಲ್ಲಿ ಹನ್ನೊಂದು ಜನರ ಕಾಲು ಮರೆತಿತ್ತು. ಏಳು ಜನ ಮತ್ತೆ ಕಲಿತರು. ನಾಲ್ಕು ಜನರ ಸೊಂಟ ಮರೆಯಿತು. ಅವರಲ್ಲಿ ಕಾಳಿಂಗಯ್ಯನವರು ಒಬ್ಬರು. ಮನೆಗೆ ಒಯ್ದಾಗ ನಾಲ್ವರೂ ಬರೆಯಲು ಏನೂ ಇಲ್ಲದೆ ಕೈ ನಡುಗಿ, ಅನ್ನ ಬಿಟ್ಟರು. ಆದ್ದರಿಂದ ನಾಲ್ವರನ್ನೂ ಕಚೇರಿಯ ಹಿಂದಿನ ಸಾಲಿನಲ್ಲಿ ಇರಿಸಿದ್ದಾರೆ. ಮನೆಯವರು ಬಂದು ತಿನ್ನಿಸುತ್ತಾರೆ, ಅಲ್ಲೇ ಮಲಗಿಸುತ್ತಾರೆ, ಬೆಳಿಗ್ಗೆ ಮತ್ತೆ ಕೂರಿಸುತ್ತಾರೆ. ಮೃತ್ಯುಂಜಯ ಅವರು ಗಂಟೆಯ ಬಟ್ಟೆ ಬಿಚ್ಚಿದರು, ಈಗ ತಾವೇ ಬಾರಿಸುತ್ತಾರೆ. ಅವರ ಕೋಣೆಯಲ್ಲಿ ಕುರ್ಚಿಯಿಲ್ಲ. ಯಾರೂ ಅವರನ್ನು ದೂರಲಿಲ್ಲ. ಕೈ ಎತ್ತಿದವರು ನಾವೇ ಅಲ್ಲವೇ. ಆದರೆ ಅವರು ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು ಬಿಟ್ಟಿದ್ದಾರೆ.

ಕಾಳಿಂಗಯ್ಯನವರ ಹೆಂಡತಿ ಗಿರಿಜಮ್ಮ ದಿನಾ ಮಧ್ಯಾಹ್ನ ಬುತ್ತಿ ತರುತ್ತಾರೆ. ಗಂಡನ ಪಕ್ಕದಲ್ಲಿ ನಿಂತೇ ತುತ್ತು ಮಾಡಿ ಬಾಯಿಗಿಡುತ್ತಾರೆ. ಅವರು ಬರೆಯುತ್ತಾ ಬರೆಯುತ್ತಾ ತಿನ್ನುತ್ತಾರೆ. ‘ಇವತ್ತು ಸಾರು ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎನ್ನುತ್ತಾರೆ. ಎಲ್ಲವೂ ಅವರಿಗೆ ಚೆನ್ನಾಗಿದೆ.

ನಿನ್ನೆ ಗಿರಿಜಮ್ಮ ಬುತ್ತಿಯ ಜೊತೆ ಇನ್ನೇನನ್ನೋ ಸೆರಗಿನಲ್ಲಿ ಮುಚ್ಚಿ ತಂದರು. ಹಿಂದಿನ ಸಾಲಿಗೆ ಹೋಗಿ ಸೆರಗು ಸರಿಸಿದಾಗ ನೋಡಿದೆ. ಹಾಲು ಕರೆಯುವಾಗ ಕೂರುತ್ತಾರಲ್ಲ, ಅಂಥ ಮೂರು ಕಾಲಿನ ಸಣ್ಣ ಸ್ಟೂಲು. ಅದನ್ನು ಗಂಡನ ಕುರ್ಚಿಗೆ ತಾಗಿಸಿ ಇಟ್ಟರು. ನಾನು ಓಡಿ ಹೋಗಿ ಅವರ ತೋಳು ಹಿಡಿದೆ.

‘ಬಿಡಮ್ಮ,’ ಎಂದರು ಗಿರಿಜಮ್ಮ, ಮೆಲ್ಲಗೆ. ‘ನಲವತ್ತು ವರ್ಷ ಜೊತೆಗಿದ್ದೋರು. ನಾನು ಎದುರಿಗೆ ನಿಂತಿದ್ರೆ ಅವರಿಗೆ ಕಾಣಿಸ್ತಾನೇ ಇಲ್ಲ. ಅವರ ಮಟ್ಟಕ್ಕೆ ಕೂತ್ರೆ ಕಾಣಿಸ್ತೀನೇನೋ. ಕಾಣಿಸದಿದ್ರೂ ಪರವಾಗಿಲ್ಲ. ಆಮೇಲೆ ನನಗೂ ಬೇಜಾರಾಗಲ್ಲವಂತೆ.’

ಧೈರ್ಯ ಹೇಳುವ ಮಾತೆಲ್ಲ ಸುಳ್ಳಾಗುತ್ತಿತ್ತು. ಸ್ಟೂಲನ್ನು ಕಾಲಿನಿಂದ ಹಿಂದಕ್ಕೆ ಸರಿಸಿದೆ. ‘ಒಂದು ಸುತ್ತು ಹಾಕಿ ಬರೋಣ ಬನ್ನಿ ಅಮ್ಮ. ಆಮೇಲೆ ಬೇಕಾದ್ರೆ ಕೂತ್ಕೊಳ್ಳಿ,’ ಎಂದೆ. ಮನಸ್ಸಿಲ್ಲದೆ ಬಂದರು. ಒಂದು ಸುತ್ತು ಹಾಕಿದೆವು. ಇನ್ನೊಂದು ಎಂದೆ. ಮೂರನೆಯದರಲ್ಲಿ ಅವರು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ನಡೆಯುತ್ತಲೇ ಅತ್ತರು. ಐದನೆಯ ಸುತ್ತಿಗೆ ಉಸಿರು ಹತ್ತಿ, ‘ಸಾಕಮ್ಮ, ಬುತ್ತಿ ತಣ್ಣಗಾಗುತ್ತೆ,’ ಎಂದರು.

ಅವರು ಒಳಗೆ ಹೋಗಿ ನಿಂತೇ ತಿನ್ನಿಸಿದರು. ಹೋಗುವಾಗ ಸ್ಟೂಲು ಎಲ್ಲಿ ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅವರು ತಿನ್ನಿಸುತ್ತಿದ್ದಾಗ ನಾನೇ ಅದನ್ನು ನನ್ನ ಮೇಜಿನ ಹಿಂದೆ ಗೋಣಿಚೀಲದ ಕೆಳಗೆ ಬಚ್ಚಿಟ್ಟಿದ್ದೆ. ಗಿರಿಜಮ್ಮ ಗೋಣಿಚೀಲದತ್ತ ಒಮ್ಮೆ ಕಣ್ಣು ಹಾಯಿಸಿದರು. ‘ಮನೇಲಿ ಇನ್ನೊಂದಿದೆ,’ ಎಂದು ಹೇಳಿ, ಬುತ್ತಿಯ ಪಾತ್ರೆ ಎತ್ತಿಕೊಂಡು ನಡೆದರು.